ಸರ್ವರ್ ಡಿಸ್ಕ್ ತುಂಬ್ತಾ ಬಂತು, ಕೌಂಟರ್ ಮುಚ್ಚೋ ಹಾಗಿಲ್ಲ: ಯಾವ ದಾರಿ ಹಿಡಿಯೋದು?

ಅಡಿಕೆ ಕೊಯ್ಲು ಶುರುವಾಗೋ ಹೊತ್ತಿಗೆ ನನಗೆ ಒಂದೇ ಥರದ ಪ್ರಶ್ನೆಗಳು ಬರುತ್ತವೆ. ತೀರ್ಥಹಳ್ಳಿ ಕಡೆಯ ಸಹಕಾರ ಸಂಘವೊಂದರ ಲೆಕ್ಕಿಗರು ಕೇಳುತ್ತಾರೆ: "ಡೇಟಾಬೇಸ್ ಇರೋ ಡ್ರೈವ್ ಶೇ 92 ತುಂಬಿದೆ. ಇನ್ನೊಂದು ಡಿಸ್ಕ್ ಸಿಕ್ಕಿಸೋದಾ, ಹೊಸ ಸರ್ವರ್ರೇ ತಗೊಳ್ಳೋದಾ?" ಶಿವಮೊಗ್ಗದ ಆಸ್ಪತ್ರೆಯೊಂದರ ಐಟಿ ಹುಡುಗನ ಕಷ್ಟ ಬೇರೆ: "ಸಾರ್, ರಾತ್ರಿ ಎರಡು ಗಂಟೆಗೂ ಅಡ್ಮಿಷನ್ ಇರುತ್ತೆ. ನಿಲ್ಲಿಸೋ ಮಾತೇ ಇಲ್ಲ." ಸಾಗರದ ಕಾಲೇಜಿನವರಿಗೆ ಯಾರೋ "ಎಲ್ಲಾ ಕ್ಲೌಡ್‌ಗೆ ಹಾಕಿಬಿಡಿ" ಅಂದಿದ್ದಾರೆ. ಅವರಿಗೆ ಅದೂ ಒಂದು ತಲೆಬಿಸಿ.

ಮೂವರೂ ಕೇಳೋದು ಮೇಲ್ನೋಟಕ್ಕೆ ಒಂದೇ ಪ್ರಶ್ನೆ. ಆದರೆ ಉತ್ತರ ಮೂರು. ನನ್ನ ನಿಲುವು ಮೊದಲೇ ಹೇಳಿಬಿಡುತ್ತೇನೆ: ಡೌನ್‌ಟೈಮ್, ಅಂದ್ರೆ ಸರ್ವರ್ ನಿಂತಿರುವ ಹೊತ್ತು, ಸೊನ್ನೆಯಾಗಬೇಕು ಅಂತ ಹಠ ಹಿಡಿಯಬೇಡಿ. ಮೊದಲೇ ಹೇಳಿ ನಿಲ್ಲಿಸಿದ ಇಪ್ಪತ್ತು ನಿಮಿಷಕ್ಕೆ ಯಾರೂ ಬೈಯುವುದಿಲ್ಲ. ಸೋಮವಾರ ಬೆಳಗ್ಗೆ ರೈತರು ಸಾಲು ನಿಂತಾಗ ತಾನಾಗಿ ನಿಂತರೆ ಇಡೀ ಊರೇ ಬೈಯುತ್ತದೆ. ಹಾಗಾಗಿ "ಎಷ್ಟು ನಿಮಿಷ ನಿಲ್ಲುತ್ತೆ" ಅನ್ನೋದಕ್ಕಿಂತ "ಅರ್ಧದಲ್ಲಿ ಕೆಟ್ಟರೆ ವಾಪಸ್ ಬರೋಕೆ ದಾರಿ ಇದೆಯಾ" ಅನ್ನೋದು ದೊಡ್ಡ ಪ್ರಶ್ನೆ.

ಯಾವುದರ ಮೇಲೆ ಅಳೆಯೋದು

ವಾಪಸ್ ದಾರಿ ಮೊದಲನೆಯದು. ಹಳೇ ಡಿಸ್ಕ್ ಮುಟ್ಟದೆ ಹಾಗೇ ಉಳಿಯುವ ವಿಧಾನ ಯಾವತ್ತೂ ಒಂದು ಕೈ ಮೇಲು.

ಎರಡನೆಯದು, ಯಾವ ಹೊತ್ತಿನ ನಿಮಿಷಗಳು ಅನ್ನೋದು. ಸಂಘಕ್ಕೆ ಭಾನುವಾರ ರಾತ್ರಿ ಎರಡು ಗಂಟೆ ಕಾಲ ನಿಂತರೂ ನಷ್ಟವಿಲ್ಲ. ಅದೇ ಸಂಘಕ್ಕೆ ಮಾರ್ಚ್ 31ರ ಸಂಜೆ ಐದು ನಿಮಿಷವೂ ಜಾಸ್ತಿ. ಆಸ್ಪತ್ರೆಗೆ ಬೆಳಗಿನ ಜಾವ ಮೂರೂವರೆಗೆ ಹತ್ತು ನಿಮಿಷ ಕಾಗದದ ಚೀಟಿಯಲ್ಲಿ ನಡೆಸಬಹುದು. "ನಿಲ್ಲಿಸೋಕೇ ಆಗಲ್ಲ" ಅನ್ನುವವರನ್ನು ಸ್ವಲ್ಪ ಕೆದಕಿದರೆ ಹೆಚ್ಚಿನ ಸಲ ಇಂಥದ್ದೊಂದು ಸಂದು ಸಿಕ್ಕೇ ಸಿಗುತ್ತದೆ.

ಮೂರನೆಯದು ನಮ್ಮ ಕಡೆಯವರಿಗೇ ವಿಶೇಷ: ಕೆಲಸದ ನಡುವೆ ಕರೆಂಟ್ ಹೋದರೆ ಏನಾಗುತ್ತದೆ? 1035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರ ನಮ್ಮ ಜಿಲ್ಲೆಯಲ್ಲೇ ಇದೆ. ಹಾಗಂತ ಹೊಸನಗರದ ದಾರಿಯಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟ್ ಉಳಿಯುತ್ತದೆಯೇ? ಯುಪಿಎಸ್ ಅರ್ಧ ಗಂಟೆ ಎಳೆಯಬಹುದು. ಆರು ಗಂಟೆಯ ಕೆಲಸಕ್ಕೆ ಅದು ಎಲ್ಲಿ ಸಾಲುತ್ತದೆ? ಕೆಲವು ವಿಧಾನಗಳು ನಿಂತಲ್ಲಿಂದ ಮುಂದುವರಿಯುತ್ತವೆ, ಕೆಲವು ನಡುನೀರಿನಲ್ಲಿ ಕೈಬಿಡುತ್ತವೆ.

ಇನ್ನುಳಿದದ್ದು ಹಣ, ಮತ್ತು ಕೆಲಸ ಮಾಡುವ ಕೈ. ರೆಪ್ಲಿಕಾ (ಡೇಟಾಬೇಸ್‌ನ ಬದಲಾವಣೆಗಳನ್ನು ಆಗಿಂದಾಗಲೇ ಪಡೆಯುತ್ತಾ ಜೊತೆಗೆ ಓಡುವ ಇನ್ನೊಂದು ಪ್ರತಿ) ಕಟ್ಟೋಕೆ ಬರುವವರು ನಿಮ್ಮಲ್ಲಿ ಇಲ್ಲ ಅಂದ್ರೆ, ಪುಸ್ತಕದಲ್ಲಿ ಅದೇ ಅತ್ಯುತ್ತಮ ವಿಧಾನ ಅಂತ ಬರೆದಿದ್ದರೂ ನಿಮಗೆ ಅದು ಉತ್ತಮವಲ್ಲ.

ದುಡ್ಡು ಖರ್ಚು ಮಾಡೋಕೆ ಮುಂಚೆ

ತುಂಬಿರೋದು ಏನು ಅಂತ ನೋಡಿ. ಇದೂ ಒಂದು ಆಯ್ಕೆಯೇ. ಬಹಳ ಸಲ ಇದೊಂದರಲ್ಲೇ ಒಂದು ವರ್ಷ ಕಳೆಯಬಹುದು.

ಡೇಟಾ ಡಿಸ್ಕಿನಲ್ಲೇ ಹಳೇ ಬ್ಯಾಕಪ್ ಫೈಲುಗಳು ಬಿದ್ದಿರುತ್ತವೆ. ಮೊದಲ ಕಳ್ಳ ಇವೇ. ಇವನ್ನು ಅಲ್ಲಿಂದ ತೆಗೆಯಲೇಬೇಕು, ಯಾಕಂದ್ರೆ ಆ ಡಿಸ್ಕ್ ಹೋದ ದಿನ ಬ್ಯಾಕಪ್ಪೂ ಅದರ ಜೊತೆಗೇ ಹೋಗುತ್ತದೆ. ಮೈಎಸ್‌ಕ್ಯೂಎಲ್, ಪೋಸ್ಟ್‌ಗ್ರೆಸ್, ಎಸ್‌ಕ್ಯೂಎಲ್ ಸರ್ವರ್ ಮೂರೂ ಡೇಟಾಬೇಸ್ ಸಾಫ್ಟ್‌ವೇರ್‌ಗಳು, ನಿಮ್ಮದು ಯಾವುದು ನೋಡಿಕೊಳ್ಳಿ. ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗ್ (ಡೇಟಾದಲ್ಲಾದ ಬದಲಾವಣೆಗಳ ದಾಖಲೆ) ತಾನಾಗಿಯೇ 30 ದಿನ ಉಳಿಯುತ್ತದೆ. ರೆಪ್ಲಿಕಾ ಇಲ್ಲದ, ದಿನಾ ಬ್ಯಾಕಪ್ ತೆಗೆಯುವ ಚಿಕ್ಕ ಕಚೇರಿಗೆ ಒಂದು ವಾರದ್ದು ಸಾಕು. ಪೋಸ್ಟ್‌ಗ್ರೆಸ್‌ನಲ್ಲಿ ಯಾವತ್ತೋ ಪ್ರಯೋಗಕ್ಕೆ ಮಾಡಿ ಮರೆತ ರೆಪ್ಲಿಕೇಷನ್ ಸ್ಲಾಟ್ (ರೆಪ್ಲಿಕಾ ಓದೋವರೆಗೆ ಲಾಗ್ ಕಾದಿಡುವ ಗುರುತು) ಒಂದಿದ್ದರೆ, ಅದು ಲಾಗ್ ಫೈಲುಗಳನ್ನು ಅಳಿಸೋಕೇ ಬಿಡುವುದಿಲ್ಲ. ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಫುಲ್ ರಿಕವರಿ (ಬ್ಯಾಕಪ್ ಆಗೋವರೆಗೆ ಲಾಗ್ ಪೂರ್ತಿ ಉಳಿಸುವ ಹೊಂದಿಕೆ) ಇಟ್ಟು ಲಾಗ್ ಬ್ಯಾಕಪ್ ತೆಗೆಯದಿದ್ದರೂ ಅದೇ ಕಥೆ. 40 ಜಿಬಿ ಡೇಟಾಗೆ 200 ಜಿಬಿ ಲಾಗ್ ಬೆಳೆದು ಕೂತಿರುತ್ತದೆ.

ಎಸ್‌ಕ್ಯೂಎಲ್ ಸರ್ವರ್ ಬಳಸುವವರಿಗೆ ಇನ್ನೊಂದು ಮಾತು. ನಿಮ್ಮದು ಉಚಿತ ಎಕ್ಸ್‌ಪ್ರೆಸ್ ಆವೃತ್ತಿಯಾ ನೋಡಿಕೊಳ್ಳಿ. 2022ರ ಆವೃತ್ತಿಯವರೆಗೂ ಅದರಲ್ಲಿ ಒಂದು ಡೇಟಾಬೇಸ್‌ಗೆ 10 ಜಿಬಿ ಮಿತಿ. ಆ ಗೋಡೆಗೆ ತಲೆ ತಾಗಿದ್ದರೆ, 4 ಟಿಬಿ ಡಿಸ್ಕ್ ತಂದು ಹಾಕಿದರೂ ಹೊಸ ಬಿಲ್ ಸೇರುವುದಿಲ್ಲ. ಡಿಸ್ಕ್ ಅಂಗಡಿಗೆ ಫೋನ್ ಮಾಡೋ ಮೊದಲು ಇದನ್ನು ನೋಡಿ.

ಲಿನಕ್ಸ್‌ನವರಿಗೆ ಒಂದು ತುರ್ತು ಉಸಿರು ಇದೆ. ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ (ಡಿಸ್ಕಿನಲ್ಲಿ ಫೈಲ್ ಇಡುವ ವ್ಯವಸ್ಥೆ) ಮಾಡುವಾಗ ಶೇ 5 ಜಾಗವನ್ನು ರೂಟ್ ಅನ್ನೋ ಮುಖ್ಯ ಬಳಕೆದಾರನಿಗೆ ಅಂತ ಎತ್ತಿಡುತ್ತದೆ. ಆಪರೇಟಿಂಗ್ ಸಿಸ್ಟಮ್ ಇರುವ ಡಿಸ್ಕಿಗೆ ಅದು ಬೇಕು, ಬರೀ ಡೇಟಾ ಇರುವ ಡಿಸ್ಕಿಗೆ ಅಷ್ಟು ಬೇಡ. 1 ಟಿಬಿಯಲ್ಲಿ ಅದು ಸುಮಾರು 50 ಜಿಬಿ. ಟ್ಯೂನ್2ಎಫ್ಎಸ್ ಆದೇಶದಿಂದ ಅದನ್ನು ಶೇ 1ಕ್ಕೆ ಇಳಿಸಿದರೆ ಡೇಟಾಬೇಸ್ ಓಡ್ತಾ ಇರುವಾಗಲೇ ಸುಮಾರು 40 ಜಿಬಿ ಬಿಡುಗಡೆಯಾಗುತ್ತದೆ. ಡಿಸ್ಕ್ ಬೆಂಗಳೂರಿನಿಂದ ಬರೋವರೆಗೆ ಇಷ್ಟು ಸಾಕಾಗಬಹುದು.

ಹಳೇ ದಾಖಲೆ ಡಿಲೀಟ್ ಮಾಡಿದರೆ ಜಾಗ ಸಿಗುತ್ತೆ ಅಂದುಕೊಂಡವರು ನಿರಾಶರಾಗುತ್ತಾರೆ. ಆ ಜಾಗ ಡೇಟಾಬೇಸ್ ಒಳಗೆ ಖಾಲಿಯಾಗುತ್ತದೆ, ಡಿಸ್ಕಿಗೆ ವಾಪಸ್ ಬರುವುದಿಲ್ಲ. ವಾಪಸ್ ಪಡೆಯಲು ಪೋಸ್ಟ್‌ಗ್ರೆಸ್‌ನ ವ್ಯಾಕ್ಯೂಮ್ ಫುಲ್ ಅಥವಾ ಮೈಎಸ್‌ಕ್ಯೂಎಲ್‌ನ ಆಪ್ಟಿಮೈಸ್ ಟೇಬಲ್ ಓಡಿಸಬೇಕು. ಇವೆರಡೂ ಟೇಬಲ್‌ನ ಹೊಸ ಪ್ರತಿ ಬರೆಯುತ್ತವೆ. ಅಂದರೆ ಜಾಗ ಉಳಿಸೋಕೆ ಮೊದಲು ಜಾಗ ಬೇಕು. ಶೇ 97 ತುಂಬಿದ ಮೇಲೆ ಇದನ್ನು ಶುರು ಮಾಡಿದರೆ ಅರ್ಧದಲ್ಲೇ ಡಿಸ್ಕ್ ತುಂಬಿ ನಿಲ್ಲುತ್ತದೆ. ಸಾಲದ್ದಕ್ಕೆ ವ್ಯಾಕ್ಯೂಮ್ ಫುಲ್ ಮುಗಿಯೋವರೆಗೆ ಆ ಟೇಬಲ್‌ಗೆ ಬೀಗ ಬಿದ್ದಿರುತ್ತದೆ, ಓದೋಕೂ ಆಗಲ್ಲ.

ಪೂರ್ತಿ ತುಂಬಿದರೆ ಏನು ಕಾಣುತ್ತೆ ಅಂತಲೂ ತಿಳಿದಿರಲಿ. ಮೈಎಸ್‌ಕ್ಯೂಎಲ್ ಸಾಮಾನ್ಯವಾಗಿ ಸಾಯುವುದಿಲ್ಲ, ಜಾಗ ಸಿಕ್ಕೀತು ಅಂತ ನಿಮಿಷಕ್ಕೊಮ್ಮೆ ನೋಡುತ್ತಾ ಸುಮ್ನೆ ಕೂತಿರುತ್ತದೆ. ಕೌಂಟರಿನವರು "ನೆಟ್ ಸ್ಲೋ" ಅಂತ ರೂಟರ್ ಆಫ್ ಮಾಡಿ ಆನ್ ಮಾಡುತ್ತಿರುತ್ತಾರೆ. ಪೋಸ್ಟ್‌ಗ್ರೆಸ್ ಹಾಗಲ್ಲ. ಲಾಗ್ ಬರೆಯೋಕೆ ಜಾಗ ಇಲ್ಲ ಅಂದ್ರೆ ಪ್ಯಾನಿಕ್ ಅಂತ ಒಂದು ಸಾಲು ಬರೆದು ನಿಂತೇಬಿಡುತ್ತದೆ.

ಇದ್ದಲ್ಲೇ ಹಿಗ್ಗಿಸೋದು

ಸ್ವಚ್ಛ ಮಾಡಿಯೂ ಸಾಲಲಿಲ್ಲ ಅಂದ್ರೆ ಇದು ಅಗ್ಗದ ದಾರಿ. ಆದರೆ ಸರ್ವರ್ ಹಾಕಿದವರು ಅವತ್ತು ಏನು ಮಾಡಿದ್ದರು ಅನ್ನೋದರ ಮೇಲೆ ನಿಂತಿದೆ.

ಲಿನಕ್ಸ್‌ನಲ್ಲಿ ಎಲ್‌ವಿಎಂ (ಹಲವು ಡಿಸ್ಕ್ ಸೇರಿಸಿ ಒಂದೇ ದೊಡ್ಡ ಜಾಗದಂತೆ ಬಳಸುವ ವ್ಯವಸ್ಥೆ) ಮೇಲೆ ಕೂರಿಸಿದ್ದರೆ ನೀವು ಪುಣ್ಯವಂತರು. ಹೊಸ ಡಿಸ್ಕ್ ಸಿಕ್ಕಿಸಿ, ವಾಲ್ಯೂಮ್ ಗ್ರೂಪ್‌ಗೆ ಸೇರಿಸಿ, ವಾಲ್ಯೂಮ್ ಹಿಗ್ಗಿಸಿದರೆ ಮುಗಿಯಿತು. ಇಎಕ್ಸ್‌ಟಿ4, ಎಕ್ಸ್‌ಎಫ್‌ಎಸ್ ಎರಡೂ ಮೌಂಟ್ ಆಗಿದ್ದ (ಬಳಕೆಗೆ ಜೋಡಿಸಿಕೊಂಡಿದ್ದ) ಹಾಗೆಯೇ ದೊಡ್ಡದಾಗುತ್ತವೆ. ಡೇಟಾಬೇಸ್‌ಗೆ ಸುದ್ದಿಯೂ ತಿಳಿಯುವುದಿಲ್ಲ. ಹಾಟ್‌ಸ್ವಾಪ್ ಬೇ (ಸರ್ವರ್ ಆಫ್ ಮಾಡದೆ ಡಿಸ್ಕ್ ಸಿಕ್ಕಿಸುವ ಗೂಡು) ಇದ್ದರೆ ನಿಜವಾಗಿಯೂ ಡೌನ್‌ಟೈಮ್ ಸೊನ್ನೆ. ಕವರ್ ಬಿಚ್ಚಿ ಕೇಬಲ್ ಹಾಕಬೇಕಾದ ಡಬ್ಬಿಯಾದರೆ ಹತ್ತು ಹದಿನೈದು ನಿಮಿಷ ಆಫ್ ಮಾಡಬೇಕು.

ಇಲ್ಲಿ ಒಂದು ಬಲೆ ಇದೆ. ಹಳೇ ಡಿಸ್ಕಿಗೆ ಹೊಸದೊಂದನ್ನು ಸುಮ್ನೆ ಸೇರಿಸಿದಿರಿ ಅಂತಿಟ್ಟುಕೊಳ್ಳಿ. ಈಗ ನಿಮ್ಮ ಡೇಟಾ ಎರಡರ ಮೇಲೂ ಹರಡಿದೆ. ಅದು ಜೋಡೆತ್ತಿನ ಗಾಡಿ ಇದ್ದ ಹಾಗೆ, ಯಾವ ಎತ್ತು ಮಲಗಿದರೂ ಗಾಡಿ ನಿಂತಿತು. ಜಾಗದ ಜೊತೆಗೆ ಅಪಾಯವೂ ಹೆಚ್ಚಾಯಿತು. ಅದಕ್ಕೇ ಒಂದಲ್ಲ, ಎರಡು ಡಿಸ್ಕ್ ತಂದು ರೇಡ್ 1 ಜೋಡಿ (ಎರಡರಲ್ಲೂ ಒಂದೇ ಡೇಟಾ) ಮಾಡಿ, ಆ ಜೋಡಿಯನ್ನು ಗ್ರೂಪ್‌ಗೆ ಸೇರಿಸಿ. ಇನ್ನೂ ಒಳ್ಳೆಯದು, ಹೊಸ ಜೋಡಿಯನ್ನು ಸೇರಿಸಿದ ಮೇಲೆ ಪಿವಿಮೂವ್ ಆದೇಶದಿಂದ ಡೇಟಾ ಪೂರ್ತಿ ಅದಕ್ಕೆ ಸರಿಸಿ ಹಳೇ ಡಿಸ್ಕನ್ನು ಹೊರಗೆ ತೆಗೆಯುವುದು. ಗಂಟೆಗಟ್ಟಲೆ ಹಿಡಿಯುತ್ತದೆ, ಅಷ್ಟು ಹೊತ್ತು ಸರ್ವರ್ ಸ್ವಲ್ಪ ಎಳೆದಾಡುತ್ತದೆ. ಆದರೆ ಕೆಲಸ ನಿಲ್ಲುವುದಿಲ್ಲ. ನಡುವೆ ಕರೆಂಟ್ ಹೋದರೂ ಮತ್ತೆ ಅದೇ ಆದೇಶ ಕೊಟ್ಟರೆ ಕೊನೆಯ ಗುರುತಿನಿಂದ ಮುಂದುವರಿಯುತ್ತದೆ. ಮಳೆಗಾಲದ ಮಲೆನಾಡಿಗೆ ಹೇಳಿ ಮಾಡಿಸಿದ ಗುಣ ಇದು.

ವಾಪಸ್ ದಾರಿ ಮಾತ್ರ ಕಿರಿದು. ಎಕ್ಸ್‌ಎಫ್‌ಎಸ್ ಹಿಗ್ಗಿದ ಮೇಲೆ ಕುಗ್ಗಿಸೋದು ಇಲ್ಲವೇ ಇಲ್ಲ ಅಂತಲೇ ಲೆಕ್ಕ ಹಾಕಿ. ಇಎಕ್ಸ್‌ಟಿ4 ಕುಗ್ಗಿಸಲು ಅನ್‌ಮೌಂಟ್ ಮಾಡಬೇಕು.

ವರ್ಚುವಲ್ ಮಷೀನ್ (ಒಂದು ಸರ್ವರ್ ಒಳಗೆ ಸಾಫ್ಟ್‌ವೇರ್‌ನಿಂದ ಓಡುವ ಇನ್ನೊಂದು ಸರ್ವರ್) ಇದ್ದವರಿಗೆ ಇನ್ನೂ ಸುಲಭ. ಹೈಪರ್-ವಿ, ವಿಎಂವೇರ್, ಪ್ರಾಕ್ಸ್‌ಮಾಕ್ಸ್ ಮೂರರಲ್ಲೂ ಓಡುತ್ತಿರುವ ಮಷೀನಿನ ಡಿಸ್ಕ್ ದೊಡ್ಡದು ಮಾಡಬಹುದು. ಹೈಪರ್-ವಿಯಲ್ಲಿ ಆ ಡಿಸ್ಕ್ ವಿಎಚ್‌ಡಿಎಕ್ಸ್ ಆಗಿರಬೇಕು, ಸ್ಕಝಿ ಕಂಟ್ರೋಲರ್ ಮೇಲಿರಬೇಕು. ವಿಎಂವೇರ್‌ನಲ್ಲಿ ಸ್ನ್ಯಾಪ್‌ಶಾಟ್ (ಹಿಂದೊಮ್ಮೆ ಉಳಿಸಿಟ್ಟ ಸ್ಥಿತಿ) ಉಳಿದಿದ್ದರೆ ಹಿಗ್ಗೋಕೆ ಒಪ್ಪುವುದಿಲ್ಲ, ಮೊದಲು ಅದನ್ನು ತೆಗೆಯಿರಿ.

ವಿಂಡೋಸ್‌ನವರು ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ಸಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡುತ್ತಾರೆ. "ಎಕ್ಸ್‌ಟೆಂಡ್ ವಾಲ್ಯೂಮ್" ಬೂದು ಬಣ್ಣದಲ್ಲಿ ಸತ್ತು ಬಿದ್ದಿರುತ್ತದೆ. ಬಲಕ್ಕೆ ನೋಡಿ. ಸಿ ಡ್ರೈವ್‌ಗೂ ಹೊಸ ಖಾಲಿ ಜಾಗಕ್ಕೂ ನಡುವೆ ಒಂದು ಪುಟ್ಟ ರಿಕವರಿ ಪಾರ್ಟಿಷನ್ ಕೂತಿದೆ. ಪಕ್ಕದಲ್ಲೇ ಅಂಟಿಕೊಂಡ ಖಾಲಿ ಜಾಗ ಇದ್ದರೆ ಮಾತ್ರ ವಿಂಡೋಸ್ ಹಿಗ್ಗಿಸುತ್ತದೆ. ಪಾರ್ಟಿಷನ್ ಸರಿಸುವ ಉಚಿತ ಟೂಲ್‌ಗಳು ಬೇಕಾದಷ್ಟು ಸಿಗುತ್ತವೆ. ಡೇಟಾಬೇಸ್ ಇರುವ ಡಿಸ್ಕಿನ ಮೇಲೆ ಅವನ್ನು ಓಡಿಸಬೇಡಿ ಅನ್ನೋದೇ ನನ್ನ ಸಲಹೆ. ಸರಿಸುವಾಗ ಕರೆಂಟ್ ಹೋದರೆ ನಿಮ್ಮ ಪಾಡು ಹೇಳತೀರದು. ಬದಲಿಗೆ ಬೇರೆಯೇ ಡ್ರೈವ್ ಮಾಡಿ ಡೇಟಾ ಅಲ್ಲಿಗೆ ಒಯ್ಯಿರಿ.

ಇನ್ನೊಂದು ಸಣ್ಣ ವಿಷಯ. ಹಳೇ ಎಂಬಿಆರ್ ಪಾರ್ಟಿಷನ್ ಪಟ್ಟಿ ಇರುವ ಡಿಸ್ಕ್ 2 ಟಿಬಿ ದಾಟುವುದಿಲ್ಲ. ಅದಕ್ಕಿಂತ ದೊಡ್ಡದು ಬೇಕಾದರೆ ಹೊಸ ಥರದ ಜಿಪಿಟಿ ಪಟ್ಟಿಯೇ ಆಗಬೇಕು.

ರೇಡ್‌ನ ಡಿಸ್ಕ್ ಒಂದೊಂದಾಗಿ ಬದಲಿಸೋದು

ಡಬ್ಬಿಯಲ್ಲಿ ಖಾಲಿ ಬೇ ಇಲ್ಲ, ಇರೋದು ಎರಡೇ, ಎರಡರಲ್ಲೂ ಡಿಸ್ಕ್ ಇದೆ. ಆಗ ರೇಡ್ 1ರ ಒಂದು ಡಿಸ್ಕ್ ತೆಗೆದು ದೊಡ್ಡದು ಹಾಕಿ, ರೀಬಿಲ್ಡ್ (ಹೊಸದಕ್ಕೆ ಡೇಟಾ ನಕಲಾಗೋದು) ಆಗೋವರೆಗೆ ಕಾದು, ಇನ್ನೊಂದನ್ನೂ ಹಾಗೇ ಬದಲಿಸಿ, ಕೊನೆಗೆ ಹಿಗ್ಗಿಸುವುದು. ಕೇಳೋಕೆ ಚೆನ್ನಾಗಿದೆ. ಡೌನ್‌ಟೈಮೂ ಇಲ್ಲ.

ನನಗೆ ಇದರ ಮೇಲೆ ಅಷ್ಟು ಪ್ರೀತಿ ಇಲ್ಲ. ಸೆಕೆಂಡಿಗೆ 150 ಎಂಬಿ ವೇಗದಲ್ಲಿ 4 ಟಿಬಿ ಡಿಸ್ಕ್ ತುಂಬಲು ಏಳೂವರೆ ಗಂಟೆ ಬೇಕು. ಅದೂ ಬೇರೆ ಕೆಲಸ ಇಲ್ಲದಿದ್ದರೆ. ಅಷ್ಟೂ ಹೊತ್ತು ನಿಮ್ಮ ಇಡೀ ಲೆಕ್ಕ ಒಂದೇ ಡಿಸ್ಕಿನ ಮೇಲೆ ನಿಂತಿರುತ್ತದೆ. ಅದೂ ಐದಾರು ವರ್ಷ ದುಡಿದ ಹಳೇ ಡಿಸ್ಕ್. ಅದನ್ನೇ ಈಗ ಮೊದಲಿಂದ ಕೊನೆವರೆಗೆ ಓದಿಸುತ್ತಿದ್ದೀರಿ. ಸಾಯೋದಾದರೆ ಅವತ್ತೇ ಸಾಯುತ್ತದೆ.

ಒಂದು ಸಮಾಧಾನ: ಮೊದಲು ತೆಗೆದ ಡಿಸ್ಕ್ ಆ ಕ್ಷಣದ ಪ್ರತಿಯಾಗಿ ಮೇಜಿನ ಮೇಲೆ ಉಳಿಯುತ್ತದೆ. ಮೇಲೆ ದಿನಾಂಕ ಬರೆದು ಇಡಿ. ಈ ದಾರಿಯೇ ಆಗಬೇಕು ಅಂದ್ರೆ ಡಿಸ್ಕ್ ತರುವಾಗ ಎಸ್‌ಎಂಆರ್ (ಟ್ರ್ಯಾಕ್‌ಗಳನ್ನು ಒಂದರ ಮೇಲೊಂದು ಸ್ವಲ್ಪ ಹೊದಿಸಿ ಬರೆಯುವ) ಥರದ್ದು ಬೇಡ ಅಂತ ಕೇಳಿ ತನ್ನಿ, ರೀಬಿಲ್ಡ್‌ನಲ್ಲಿ ಅವು ವಿಪರೀತ ನಿಧಾನ. ಎಸ್‌ಎಸ್‌ಡಿ ಆದರೆ ಪವರ್ ಲಾಸ್ ಪ್ರೊಟೆಕ್ಷನ್ ಇರುವ ಸರ್ವರ್ ದರ್ಜೆಯದ್ದು. ಲ್ಯಾಪ್‌ಟಾಪ್‌ಗೆ ಹಾಕುವ ಅಗ್ಗದ ಎಸ್‌ಎಸ್‌ಡಿ ಮೊದಲ ಕೆಲವು ಜಿಬಿ ಓಡಿ ಆಮೇಲೆ ತೆವಳುತ್ತದೆ. ಕರೆಂಟ್ ಹೋದ ಗಳಿಗೆಯಲ್ಲಿ ಬರೆಯುತ್ತಿದ್ದದ್ದು ಉಳಿಯಿತೋ ಇಲ್ಲವೋ ಅಂತ ಭರವಸೆಯೂ ಕೊಡುವುದಿಲ್ಲ.

ರೇಡ್ 5ಕ್ಕೆ (ಮೂರು ಅಥವಾ ಹೆಚ್ಚು ಡಿಸ್ಕಿಗೆ ಡೇಟಾ ಹರಡಿ, ಒಂದು ಹೋದರೂ ಉಳಿಯುವ ಜೋಡಣೆಗೆ) ಇನ್ನೊಂದು ಡಿಸ್ಕ್ ಸೇರಿಸಿ ಹರಡುವುದು ಇದಕ್ಕಿಂತ ದೀರ್ಘ. ದೊಡ್ಡ ಡಿಸ್ಕುಗಳಲ್ಲಿ ದಿನಗಟ್ಟಲೆ ನಡೆಯಬಹುದು. ನಾನಂತೂ ಸಲಹೆ ಮಾಡುವುದಿಲ್ಲ.

ಎರಡು ಸಲ ಕಾಪಿ, ಒಮ್ಮೆ ನಿಲುಗಡೆ

ನಮ್ಮ ಊರಿನ ಹೆಚ್ಚಿನ ಕಚೇರಿಗಳಿಗೆ ಹೊಂದುವುದು ಇದೇ ಅಂತ ನನಗನ್ನಿಸುತ್ತದೆ. ದೊಡ್ಡ ಡಿಸ್ಕ್ ಹಾಕಿ, ಡೇಟಾಬೇಸ್ ಓಡುತ್ತಿರುವಾಗಲೇ ಆರ್‌ಸಿಂಕ್ ಅನ್ನೋ ನಕಲು ಟೂಲ್‌ನಿಂದ ಫೋಲ್ಡರ್ ಪೂರ್ತಿ ನಕಲು ಮಾಡಿ. ಈ ನಕಲು ಅಸ್ತವ್ಯಸ್ತವಾಗಿರುತ್ತದೆ, ಪರವಾಗಿಲ್ಲ. 300 ಜಿಬಿ ಇದ್ದರೆ ಸೆಕೆಂಡಿಗೆ 100 ಎಂಬಿಯಂತೆ ಐವತ್ತು ನಿಮಿಷ. ರಾತ್ರಿ ಡೇಟಾಬೇಸ್ ನಿಲ್ಲಿಸಿ, ಮತ್ತೊಮ್ಮೆ ಆರ್‌ಸಿಂಕ್. ಈ ಸಲ ಬದಲಾದದ್ದು ಮಾತ್ರ ಹೋಗುತ್ತದೆ, ನಡುವೆ ಅಳಿದುಹೋದ ಫೈಲುಗಳು ಹೊಸ ಕಡೆಯಿಂದಲೂ ಅಳಿಯುವ ಹಾಗೆ ಡಿಲೀಟ್ ಆಯ್ಕೆ ಹಾಕಿರಬೇಕು. ನಂತರ ಹೊಸ ಡಿಸ್ಕನ್ನು ಹಳೇ ಜಾಗದಲ್ಲೇ ಮೌಂಟ್ ಮಾಡಿ ಡೇಟಾಬೇಸ್ ಶುರು. ಹಳೇ ಡಿಸ್ಕ್ ಅಲುಗಾಡದೆ ಹಾಗೇ ಇರುತ್ತದೆ. ಹೊಸದರಲ್ಲಿ ಬಿಲ್ ಹಾಕೋಕೆ ಮುಂಚೆ ಏನಾದರೂ ಕೈಕೊಟ್ಟರೆ ಹಳೇದನ್ನು ಮೌಂಟ್ ಮಾಡಿ ಎರಡು ನಿಮಿಷದಲ್ಲಿ ವಾಪಸ್.

ಎರಡನೇ ಸುತ್ತು ಎಷ್ಟು ಹೊತ್ತು ಅನ್ನೋದೇ ಇಲ್ಲಿ ಡೌನ್‌ಟೈಮ್. ಇಲ್ಲಿ ಸ್ವಲ್ಪ ನಿಧಾನಿಸಿ ನೋಡಬೇಕು. ಒಂದೇ ಮಷೀನಿನೊಳಗೆ ನಕಲು ಮಾಡುವಾಗ ಆರ್‌ಸಿಂಕ್, ಬದಲಾದ ಫೈಲನ್ನು ಪೂರ್ತಿಯಾಗಿ ಮತ್ತೆ ಬರೆಯುತ್ತದೆ, ಬದಲಾದ ತುಂಡನ್ನಷ್ಟೇ ಅಲ್ಲ. ಪೋಸ್ಟ್‌ಗ್ರೆಸ್ ದೊಡ್ಡ ಟೇಬಲ್‌ಗಳನ್ನು 1 ಜಿಬಿ ತುಂಡುಗಳಾಗಿ ಇಡುತ್ತದೆ. ಹಾಗಾಗಿ ಎರಡನೇ ಸುತ್ತು ಬೇಗ ಮುಗಿಯುತ್ತದೆ. ಮೈಎಸ್‌ಕ್ಯೂಎಲ್‌ನಲ್ಲಿ ಒಂದು ಟೇಬಲ್ ಅಂದ್ರೆ ಸಾಮಾನ್ಯವಾಗಿ ಒಂದು ಫೈಲ್. ಸಂಘದ ತೂಕದ ಚೀಟಿಗಳೆಲ್ಲ ಇರುವ ಟೇಬಲ್ 80 ಜಿಬಿ ಇದೆ ಅಂದುಕೊಳ್ಳಿ. ಹಗಲು ಒಂದೇ ಒಂದು ರಾಶಿ ಅಡಿಕೆಯ ಚೀಟಿ ಸೇರಿದ್ದರೂ ಆ 80 ಜಿಬಿ ಮತ್ತೆ ಪೂರ್ತಿ ನಕಲಾಗಬೇಕು. ಹದಿಮೂರು ಹದಿನಾಲ್ಕು ನಿಮಿಷ ಅಲ್ಲೇ ಹೋಯಿತು. ಹಿಂದಿನ ರಾತ್ರಿಯೇ ಎರಡನೇ ಸುತ್ತನ್ನು ಡೇಟಾಬೇಸ್ ನಿಲ್ಲಿಸದೆ ಒಮ್ಮೆ ಓಡಿಸಿ ಗಡಿಯಾರ ನೋಡಿ. ನಿಮ್ಮ ನಿಲುಗಡೆ ಹೆಚ್ಚುಕಡಿಮೆ ಅಷ್ಟೇ.

ಹೊಸ ಹೆಸರಿನ ಫೋಲ್ಡರ್‌ಗೆ ಒಯ್ಯಬೇಡಿ. ಉಬುಂಟುವಿನಲ್ಲಿ ಆಪ್‌ಆರ್ಮರ್, ರೆಡ್‌ಹ್ಯಾಟ್ ವಂಶದಲ್ಲಿ ಎಸ್‌ಇಲಿನಕ್ಸ್ ಅನ್ನೋ ಕಾವಲು ವ್ಯವಸ್ಥೆಗಳು ಬಾಗಿಲಲ್ಲೇ ತಡೆಯುತ್ತವೆ. ಎಲ್ಲ ಸರಿ ಇದ್ದರೂ ಮೈಎಸ್‌ಕ್ಯೂಎಲ್ ಶುರುವಾಗದೆ ಕಾಡುವುದು ಇದಕ್ಕೇ. ಹಳೇ ದಾರಿಯಲ್ಲೇ ಮೌಂಟ್ ಮಾಡಿದರೆ ಆಪ್‌ಆರ್ಮರ್ ತಕರಾರು ಇರುವುದಿಲ್ಲ. ಎಸ್‌ಇಲಿನಕ್ಸ್ ಇದ್ದರೆ ಒಮ್ಮೆ ಫೈಲುಗಳ ಗುರುತು ಸರಿಪಡಿಸುವ ರಿಸ್ಟೋರ್‌ಕಾನ್ ಆದೇಶ ಓಡಿಸಿ.

ವಿಂಡೋಸ್, ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಇದಕ್ಕೆ ಎರಡು ರೂಪ. ಮೊದಲನೆಯದರಲ್ಲಿ ಏನೂ ಸಾಗಿಸುವುದೇ ಇಲ್ಲ. ಹೊಸ ಡ್ರೈವ್‌ನಲ್ಲಿ ಅದೇ ಡೇಟಾಬೇಸ್‌ಗೆ ಇನ್ನೊಂದು ಡೇಟಾ ಫೈಲ್ ಸೇರಿಸಿ. ಓಡುತ್ತಿರುವಾಗಲೇ ಆಗುತ್ತದೆ, ಒಂದು ನಿಮಿಷದ ಕೆಲಸ. ಜೋಡೆತ್ತಿನ ಕಷ್ಟ ಇಲ್ಲೂ ಇದೆ ಅನ್ನೋದು ನೆನಪಿರಲಿ. ಎರಡನೆಯದು, ಡೇಟಾಬೇಸನ್ನು ಆಫ್‌ಲೈನ್ ಮಾಡಿ ಫೈಲ್ ನಕಲು ಮಾಡಿ ಮತ್ತೆ ಆನ್‌ಲೈನ್ ಮಾಡುವುದು. ಆನ್‌ಲೈನ್ ಮಾಡುವಾಗ "ಆಕ್ಸೆಸ್ ಡಿನೈಡ್" ಬಂದರೆ ಗಾಬರಿ ಬೇಡ. ಎಸ್‌ಕ್ಯೂಎಲ್ ಸೇವೆಯ ಖಾತೆಗೆ ಹೊಸ ಫೋಲ್ಡರ್ ಮೇಲೆ ಅನುಮತಿ ಕೊಟ್ಟಿರುವುದಿಲ್ಲ, ಅಷ್ಟೇ.

ಹೊಸ ಸರ್ವರ್, ರೆಪ್ಲಿಕಾ, ಬದಲಾವಣೆ

ಆಸ್ಪತ್ರೆಗೆ ನಾನು ಹೇಳೋದು ಇದನ್ನೇ. ದೊಡ್ಡ ಡಿಸ್ಕ್ ಇರುವ ಎರಡನೇ ಸರ್ವರ್ ತನ್ನಿ. ಅದನ್ನು ಹಳೆಯದರ ರೆಪ್ಲಿಕಾ ಮಾಡಿ. ಒಂದು ವಾರ ಜೊತೆಯಲ್ಲಿ ಓಡಲಿ. ನೆಚ್ಚಿಕೆ ಬಂದ ಮೇಲೆ, ಬೆಳಗಿನ ಜಾವ ಹಳೆಯದರಲ್ಲಿ ಬರೆಯೋದು ನಿಲ್ಲಿಸಿ, ಹೊಸದು ಕೊನೆಯ ಸಾಲಿನವರೆಗೂ ಬಂದಿದೆಯಾ ನೋಡಿ, ಅಪ್ಲಿಕೇಷನ್‌ಗಳನ್ನು ಹೊಸದಕ್ಕೆ ತಿರುಗಿಸಿ. ನಿಲುಗಡೆ ಒಂದೆರಡು ನಿಮಿಷ. ಡೇಟಾ 50 ಜಿಬಿ ಇರಲಿ, 5 ಟಿಬಿ ಇರಲಿ, ಆ ಒಂದೆರಡು ನಿಮಿಷ ಬದಲಾಗುವುದಿಲ್ಲ. ಎರಡು ಸುತ್ತಿನ ಕಾಪಿಗೆ ಈ ಗುಣ ಇಲ್ಲ. ನಡುವೆ ಕರೆಂಟ್ ಹೋದರೂ ಚಿಂತೆಯಿಲ್ಲ, ರೆಪ್ಲಿಕಾ ಎದ್ದು ಉಳಿದದ್ದನ್ನು ಓದಿಕೊಳ್ಳುತ್ತದೆ. ಹಳೇ ಸರ್ವರ್ ಆಮೇಲೆ ರೆಪ್ಲಿಕಾ ಆಗಿ ಉಳಿಯಬಹುದು.

ಖರ್ಚು ಮಾತ್ರ ಎಲ್ಲಕ್ಕಿಂತ ಜಾಸ್ತಿ. ಕೈಯೂ ಪಳಗಿರಬೇಕು. ಎರಡು ಕಡೆ ಜನ ಎಡವುತ್ತಾರೆ. ಮೊದಲನೆಯದು ವಿಳಾಸ. ನೋಂದಣಿ ಕೌಂಟರ್, ಲ್ಯಾಬ್, ಔಷಧಿ ಅಂಗಡಿ, ಒಂದೊಂದು ಕಂಪ್ಯೂಟರ್‌ನಲ್ಲೂ ಸರ್ವರ್‌ನ ಐಪಿ ಅಂಕಿ ಬರೆದಿಟ್ಟಿರುತ್ತಾರೆ. ಬದಲಾವಣೆಗೆ ತಿಂಗಳ ಮೊದಲೇ ಎಲ್ಲ ಕಡೆ ಅಂಕಿಯ ಬದಲು ಹೆಸರು ಹಾಕಿಬಿಡಿ. ಆಗ ಒಂದೇ ಕಡೆ ತಿರುಗಿಸಿದರೆ ಸಾಕು. ಎರಡನೆಯದು, ಹಳೇ ಸರ್ವರ್ ಬೀಗ ಹಾಕದೆ ಬಿಡುವುದು. ಲ್ಯಾಬ್‌ನ ಒಂದು ಕಂಪ್ಯೂಟರ್ ಇನ್ನೂ ಹಳೆಯದಕ್ಕೇ ವರದಿ ಬರೆಯುತ್ತಿದ್ದರೆ, ಎರಡು ದಿನದ ನಂತರ ಎರಡು ಡೇಟಾಬೇಸ್‌ಗಳನ್ನು ಹೊಂದಿಸುತ್ತಾ ಕೂರಬೇಕು. ಹಳೆಯದನ್ನು ರೀಡ್ ಓನ್ಲಿ ಮಾಡಿ, ಇಲ್ಲವೇ ನೆಟ್‌ವರ್ಕ್ ಕೇಬಲ್ ಕೀಳಿ.

ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಷನ್‌ಗೆ ಎರಡೂ ಕಡೆ ಒಂದೇ ಮುಖ್ಯ ಆವೃತ್ತಿ ಬೇಕು. ಆವೃತ್ತಿಯನ್ನೂ ಇದೇ ರಾತ್ರಿ ಏರಿಸಿಬಿಡೋಣ ಅನ್ನೋ ಆಸೆ ಹುಟ್ಟುತ್ತದೆ. ಬೇಡ. ಒಂದು ರಾತ್ರಿಗೆ ಒಂದೇ ಬದಲಾವಣೆ.

ಎಸ್‌ಕ್ಯೂಎಲ್ ಸರ್ವರ್‌ನವರಿಗೆ ಒಂದು ಬಡವರ ದಾರಿ ಇದೆ, ಎಕ್ಸ್‌ಪ್ರೆಸ್‌ನಲ್ಲೂ ನಡೆಯುತ್ತದೆ. ಡೇಟಾಬೇಸ್ ಫುಲ್ ರಿಕವರಿಯಲ್ಲಿರಲಿ. ಹಗಲು ಫುಲ್ ಬ್ಯಾಕಪ್ ತೆಗೆದು ಹೊಸ ಸರ್ವರ್‌ನಲ್ಲಿ ನೋರಿಕವರಿ (ಮುಂದೆ ಲಾಗ್ ಸೇರಿಸಲು ಕಾದಿರುವ) ಸ್ಥಿತಿಯಲ್ಲಿ ರಿಸ್ಟೋರ್ ಮಾಡಿಡಿ. ರಾತ್ರಿ ಎಲ್ಲರನ್ನೂ ಹೊರಗೆ ಹಾಕಿ, ಕೊನೆಯ ಲಾಗ್ ಬ್ಯಾಕಪ್ ತೆಗೆದು ಅದನ್ನೂ ಹಾಕಿ ರಿಕವರ್ ಮಾಡಿ. ಆ ದಿನದ ಲಾಗ್ ಎಷ್ಟಿದ್ದೀತು? ಐದು ನಿಮಿಷದೊಳಗೆ ಮುಗಿಯುತ್ತದೆ. ಲಾಗಿನ್‌ಗಳು ಡೇಟಾಬೇಸ್ ಜೊತೆ ಬರುವುದಿಲ್ಲ, ಅವನ್ನು ಮೊದಲೇ ಹೊಸ ಕಡೆ ಮಾಡಿಟ್ಟಿರಿ. ಹೊಸ ಕಡೆ ಮೇಲಿನ ಆವೃತ್ತಿ ಇದ್ದರೆ ಆ ಡೇಟಾಬೇಸ್ ಮತ್ತೆ ಹಳೇ ಆವೃತ್ತಿಗೆ ಇಳಿಯುವುದಿಲ್ಲ ಅನ್ನೋದೂ ಗೊತ್ತಿರಲಿ.

ಕ್ಲೌಡ್ ಅಂದವರಿಗೆ

ಈಗಾಗಲೇ ಕ್ಲೌಡ್‌ನಲ್ಲಿ ಇದ್ದೀರಾ? ಹಾಗಾದ್ರೆ ಇಷ್ಟೆಲ್ಲ ಓದಬೇಕಿರಲಿಲ್ಲ. ಅಮೆಜಾನ್‌ನ ಇಬಿಎಸ್ ಡಿಸ್ಕ್‌ಗಳನ್ನು 2017ರಿಂದ ಓಡುತ್ತಿರುವಾಗಲೇ ದೊಡ್ಡದು ಮಾಡಬಹುದು. ಆಮೇಲೆ ಪಾರ್ಟಿಷನ್, ಫೈಲ್‌ಸಿಸ್ಟಮ್ ಹಿಗ್ಗಿಸೋದನ್ನು ಮರೆಯಬೇಡಿ. ದೊಡ್ಡದು ಮಾಡಿದ್ದನ್ನು ಚಿಕ್ಕದು ಮಾಡೋಕೆ ಆಗಲ್ಲ, ಆದ್ದರಿಂದ ಒಮ್ಮೆಗೇ ನಾಲ್ಕು ಪಟ್ಟು ಏರಿಸಬೇಡಿ. ಬಿಲ್ ಪ್ರತಿ ತಿಂಗಳೂ ಬರುತ್ತದೆ.

ಜಾಗ ಸಾಲದು ಅನ್ನೋ ಒಂದೇ ಕಾರಣಕ್ಕೆ ಕಚೇರಿಯ ಸರ್ವರನ್ನು ಕ್ಲೌಡ್‌ಗೆ ಒಯ್ಯೋದು ಬೇರೆ ಮಾತು. ರಸ್ತೆ ಅಗಲ ಮಾಡುವ ಜೆಸಿಬಿ ಫೈಬರ್ ಕತ್ತರಿಸಿದ ದಿನ, ಕಚೇರಿಯಲ್ಲೇ ಸರ್ವರ್ ಇದ್ದವರು ಬಿಲ್ ಹಾಕುತ್ತಾರೆ, ಕ್ಲೌಡ್‌ನಲ್ಲಿದ್ದವರು ಕಾಯುತ್ತಾರೆ. ಎರಡು ಬೇರೆ ಬೇರೆ ಮಾರ್ಗದ ನೆಟ್ ಸಂಪರ್ಕ ಇದ್ದರೆ ಯೋಚಿಸಿ. ಆಗುಂಬೆ ಘಟ್ಟದ ಹತ್ತಿರ ಒಂದೇ ಲೈನಿನ ಮೇಲೆ ಬದುಕುವ ಶಾಖೆ ಇದ್ದರೆ ಈಗಲೇ ಬೇಡ. ಬ್ಯಾಕಪ್ ಮಾತ್ರ ಕ್ಲೌಡ್‌ಗೆ ಹೋಗಲಿ.

ಹಾಗಾದ್ರೆ ಯಾರಿಗೆ ಯಾವುದು

ತೀರ್ಥಹಳ್ಳಿಯ ಸಂಘಕ್ಕೆ ಮೊದಲು ಸ್ವಚ್ಛತೆ, ಆಮೇಲೆ ರೇಡ್ 1ಕ್ಕೆ ಎರಡು ದೊಡ್ಡ ಡಿಸ್ಕ್, ಭಾನುವಾರ ರಾತ್ರಿ ಎರಡು ಸುತ್ತಿನ ಕಾಪಿ. ಎಲ್‌ವಿಎಂ ಇದ್ದರೆ ಪಿವಿಮೂವ್. ಖರ್ಚು ಎರಡು ಡಿಸ್ಕಿನದ್ದು ಮತ್ತು ಶಿವಮೊಗ್ಗದಿಂದ ಬರುವ ಹುಡುಗನ ಒಂದು ರಾತ್ರಿಯದ್ದು. ಸೀಸನ್ ನಡುವೆಯೇ ತುಂಬುತ್ತಿದ್ದರೆ ಶೇ 5ರ ಮೀಸಲು ಜಾಗ ಬಿಡಿಸಿಕೊಂಡು ದಿನ ದೂಡಿ, ಮಂಡಿ ತಣ್ಣಗಾದ ಮೇಲೆ ಕೆಲಸ ಮಾಡಿ.

ಆಸ್ಪತ್ರೆಗೆ ರೆಪ್ಲಿಕಾ. ದುಡ್ಡಿಲ್ಲ ಅಂದ್ರೆ ಒಂದು ಪ್ರಶ್ನೆ: ಲ್ಯಾಬ್ ವರದಿಯ ಪಿಡಿಎಫ್, ಸ್ಕ್ಯಾನ್ ಚಿತ್ರಗಳು ಡೇಟಾಬೇಸ್ ಒಳಗೇ ಕೂತಿವೆಯಾ? ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ಹಿಡಿದು ಅವನ್ನು ಹೊರಗಿನ ಫೋಲ್ಡರ್‌ಗೆ ಹಾಕಿಸಿ. ಡೇಟಾಬೇಸ್ ಕಾಲು ಭಾಗಕ್ಕೆ ಇಳಿದರೂ ಆಶ್ಚರ್ಯವಿಲ್ಲ.

ಕಾಲೇಜಿಗೆ ಅವಸರವೇ ಇಲ್ಲ. ಬೇಸಿಗೆ ರಜೆಯಲ್ಲಿ, ಅಡ್ಮಿಷನ್ ಶುರುವಾಗೋ ಮುಂಚೆ, ಒಂದು ಶನಿವಾರ ಪೂರ್ತಿ ನಿಲ್ಲಿಸಿ ನಿಧಾನವಾಗಿ ಬ್ಯಾಕಪ್ ತೆಗೆದು ದೊಡ್ಡ ಡಿಸ್ಕಿಗೆ ರಿಸ್ಟೋರ್ ಮಾಡಲಿ. ಎಲ್ಲಕ್ಕಿಂತ ಸರಳ, ಎಲ್ಲಕ್ಕಿಂತ ಅಗ್ಗ.

ಎಷ್ಟು ದೊಡ್ಡದು ತರಬೇಕು? ಪ್ರತಿ ಸೋಮವಾರ ಡೇಟಾಬೇಸ್ ಗಾತ್ರ ಒಂದು ಚೀಟಿಯಲ್ಲಿ ಬರೆಯಿರಿ. ತಿಂಗಳಿಗೆ 6 ಜಿಬಿ ಬೆಳೆಯುತ್ತಿದ್ದರೆ ವರ್ಷಕ್ಕೆ 72. ಸೀಸನ್‌ನ ತಿಂಗಳುಗಳನ್ನು ದುಪ್ಪಟ್ಟು ಹಿಡಿಯಿರಿ. ಮೂರು ವರ್ಷದ ಬೆಳವಣಿಗೆ ಸೇರಿಸಿ, ಅದರ ಮೇಲೆ ಅತಿ ದೊಡ್ಡ ಟೇಬಲ್‌ನ ಒಂದು ಪ್ರತಿಗೆ ಆಗುವಷ್ಟು ಖಾಲಿ ಜಾಗ ಬಿಡಿ. ಅಷ್ಟು ಸಾಕು.

ಯಾವುದನ್ನೇ ಆರಿಸಿಕೊಂಡರೂ ಆ ರಾತ್ರಿಗೆ ಮುಂಚೆ ಬ್ಯಾಕಪ್ಪನ್ನು ಬೇರೆ ಮಷೀನಿನಲ್ಲಿ ರಿಸ್ಟೋರ್ ಮಾಡಿ, ಒಬ್ಬ ರೈತರ ಖಾತೆ ತೆರೆದು ಬಾಕಿ ಸರಿ ಇದೆಯಾ ನೋಡಿ. ಮರುದಿನದ ವಿದ್ಯುತ್ ವ್ಯತ್ಯಯದ ಪ್ರಕಟಣೆಯಲ್ಲಿ ನಿಮ್ಮ ಫೀಡರ್ ಇದೆಯಾ ನೋಡಿ. ಕೆಲಸ ಮುಗಿದ ಮೇಲೆ, ಎಲ್ಲ ಸರಿ ಇದೆ ಅಂತ ಮನೆಗೆ ಹೋಗೋ ಮುಂಚೆ, ಸರ್ವರ್ ಒಮ್ಮೆ ರೀಬೂಟ್ ಮಾಡಿ. ಎಫ್‌ಎಸ್‌ಟ್ಯಾಬ್‌ನಲ್ಲಿ (ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗಬೇಕು ಅನ್ನೋ ಪಟ್ಟಿಯಲ್ಲಿ) ಒಂದಕ್ಷರ ತಪ್ಪಿದ್ದರೂ ಈಗ ನೀವು ಎದುರಿಗಿದ್ದಾಗಲೇ ಗೊತ್ತಾಗಲಿ. ಇಲ್ಲದಿದ್ದರೆ ಮೂರು ವಾರ ಬಿಟ್ಟು ಕರೆಂಟ್ ಹೋಗಿ ಬಂದ ಬೆಳಗ್ಗೆ ಗೊತ್ತಾಗುತ್ತದೆ. ಹಳೇ ಡಿಸ್ಕನ್ನು ಒಂದು ತಿಂಗಳ ಲೆಕ್ಕ ಮುಗಿದು ತಾಳೆಯಾಗೋವರೆಗೆ ಯಾರಿಗೂ ಕೊಡಬೇಡಿ, ಬೀರುವಿನಲ್ಲಿಟ್ಟು ಬೀಗ ಹಾಕಿ. ಹೊಸ ಡಿಸ್ಕ್ ಶೇ 75 ದಾಟಿದ ದಿನ ಮೊಬೈಲ್‌ಗೆ ಸಂದೇಶ ಬರೋ ಹಾಗೆ ಅವತ್ತೇ ಹೊಂದಿಸಿಬಿಡಿ, ಸಂದೇಶ ಒಬ್ಬರಿಗಲ್ಲ, ಇಬ್ಬರಿಗೆ ಹೋಗಲಿ.